ಭೂಮಿ ನಡುಗಿದಾಗ ನೀರು ಮೇಲೇಕೆ ಬರುತ್ತದೆ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ವಿಜ್ಞಾನ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಿಂದ ಹೊರಬಿದ್ದ ಮೇಲೆ ನಾನು ಭೂಗರ್ಭಶಾಸ್ತ್ರ ಓದಿದೆ. ಮುಂದಿನ ದುಡಿಮೆಯೂ ಕಲ್ಲು, ಬಾವಿ, ಬೋರುಗಳ ನಡುವೆಯೇ ನಡೆಯಿತು. ಸ್ವಾಗತ ಸಮಿತಿಯವರು ನನಗೆ ಮಾತಾಡಲು ಹೇಳಿದಾಗ, ವಿಷಯವನ್ನು ಮಕ್ಕಳೇ ಆರಿಸಲಿ ಎಂದು ಕೇಳಿಕೊಂಡೆ. ಅವರು ಬರೆದುಕೊಟ್ಟ ಚೀಟಿಗಳಲ್ಲಿ ಒಂದರಲ್ಲಿ ಹೀಗಿತ್ತು: “ಭೂಮಿ ನಡಗಿದ್ರ ಒಳಗಿನ ನೀರು ಬಿರುಕಿನೊಳಗಿಂದ ಮ್ಯಾಲ ಬರ್ತದಂತ, ಖರೇ ಏನ್ರಿ ಸರ್? ಯಾಕ ಬರ್ತದ?”

ಖರೆ, ಬರುತ್ತದೆ. ಯಾಕೆ ಬರುತ್ತದೆ, ಎಲ್ಲಿ ಬರುತ್ತದೆ, ಬಂದ ನೀರು ಏನಾಗುತ್ತದೆ ಎಂಬುದನ್ನು ಇವತ್ತು ಹೇಳುತ್ತೇನೆ. ಇದು ನಮಗೆ ದೂರದ ಮಾತೇನೂ ಅಲ್ಲ. 2021 ಮತ್ತು 2022ರಲ್ಲಿ ನಮ್ಮ ನೆರೆಯ ವಿಜಯಪುರ ಜಿಲ್ಲೆಯಲ್ಲಿ ಮೇಲಿಂದ ಮೇಲೆ ನೆಲ ಅದುರಿತು. 2022ರ ಜುಲೈ 9ರ ಬೆಳಗಿನ ಕಂಪನ ರಿಕ್ಟರ್ ಮಾಪಕದಲ್ಲಿ ನಾಲ್ಕನ್ನು ದಾಟಿತ್ತು. ನಮ್ಮ ಬಾಗಲಕೋಟೆ ಜಿಲ್ಲೆಯ ಕೆಲವು ಕಡೆಗೂ ಅದು ಗೊತ್ತಾಯಿತು. ಇಂಥ ಹೊತ್ತಿನಲ್ಲಿ ಮೊಬೈಲಿನಲ್ಲಿ ಏನೇನೋ ಹರಿದಾಡುತ್ತದೆ. ಬಾವಿಯ ನೀರು ಉಕ್ಕಿತು, ಗಂಗೆ ಬಂದಳು, ಇನ್ನೂ ದೊಡ್ಡ ಕಂಪ ಬರುವುದರ ಸೂಚನೆ ಇದು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ದಿಟ, ಯಾವುದು ಸುಳ್ಳು ಎಂದು ತೂಗಿ ನೋಡಲು ನಮಗೆ ಒಂದಿಷ್ಟು ತಿಳಿವಳಿಕೆ ಬೇಕು.

ನೆಲದೊಳಗೆ ನೀರು ಎಲ್ಲಿ ಇರುತ್ತದೆ?

ನೆಲದ ಕೆಳಗೆ ನದಿ ಹರಿಯುತ್ತದೆ, ದೊಡ್ಡ ಕೆರೆ ಇದೆ ಎಂದು ನಮ್ಮಲ್ಲಿ ಅನೇಕರ ಕಲ್ಪನೆ. ಹಾಗಿಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ, ನಡುವೆ ನಮ್ಮ ಸೀಮೆ. ಬಾವಿ ತೋಡುವವರನ್ನು ಕೇಳಿ, ಅವರಿಗೆ ಗೊತ್ತು: ಮೇಲೆ ಎರೆ ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಗಟ್ಟಿ ಕಲ್ಲು. ಜಮಖಂಡಿ ಕಡೆ ಕರಿಕಲ್ಲು. ಅದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದೊಳಗಿಂದ ಉಕ್ಕಿ ಹರಿದು ಆರಿದ ಲಾವಾ. ರೊಟ್ಟಿಯ ಮೇಲೆ ರೊಟ್ಟಿ ಪೇರಿಸಿದಂತೆ ಪದರು ಪದರಾಗಿದೆ. ಮುಧೋಳ, ಲೋಕಾಪುರ ಕಡೆ ಹೋದರೆ ಅದಕ್ಕಿಂತ ಎಷ್ಟೋ ಹಳೆಯ ಸುಣ್ಣಕಲ್ಲು, ಮರಳುಗಲ್ಲು. ಈ ಗಟ್ಟಿ ಕಲ್ಲುಗಳ ಮೈಯೊಳಗೆ ನೀರು ನಿಲ್ಲುವುದು ಬಹಳ ಕಡಿಮೆ. ನೀರು ನಿಲ್ಲುವುದು ಅವುಗಳ ಬಿರುಕುಗಳಲ್ಲಿ, ಪದರುಗಳ ಸಂದಿನಲ್ಲಿ. ನಾವು ಸೆಲೆ ಎನ್ನುವುದು ಇಂಥ ಬಿರುಕನ್ನೇ. ಒಂದು ಬೋರಿಗೆ ನೀರು ಸಿಕ್ಕು ಪಕ್ಕದ ಬೋರಿಗೆ ಧೂಳು ಬರುವುದು ಇದೇ ಕಾರಣಕ್ಕೆ. ನದಿಯ ದಂಡೆಯಲ್ಲಾದರೆ ಲೆಕ್ಕ ಬೇರೆ. ಅಲ್ಲಿ ಮರಳಿನ ಕಾಳು ಕಾಳುಗಳ ನಡುವೆ ನೀರು ತುಂಬಿರುತ್ತದೆ.

ಬಿರುಕಿನಿಂದ ನೀರು ಮೇಲೆ ಬರಲು ಭೂಕಂಪವೇ ಆಗಬೇಕೆಂದಿಲ್ಲ. ನಮ್ಮ ಜಿಲ್ಲೆಯ ಮಹಾಕೂಟಕ್ಕೆ ಹೋದವರು ಅಲ್ಲಿಯ ಪುಷ್ಕರಣಿ ನೋಡಿದ್ದೀರಿ. ಗುಡ್ಡದ ಮೇಲೆ ಬಿದ್ದ ಮಳೆ ಕಲ್ಲಿನ ಸಂದಿಯಲ್ಲಿ ಇಳಿದು, ತಗ್ಗಿನಲ್ಲಿ ದಾರಿ ಸಿಕ್ಕಲ್ಲಿ ಬುಗ್ಗೆಯಾಗಿ ಬರುತ್ತದೆ. ಅದು ನೀರಿನ ಸಹಜ ನಡಿಗೆ. ಭೂಕಂಪ ಈ ನಡಿಗೆಯನ್ನು ಒಂದೇ ನಿಮಿಷದಲ್ಲಿ ಕೆಡಿಸುತ್ತದೆ, ಇಲ್ಲವೆ ಬದಲಿಸುತ್ತದೆ.

ನಮ್ಮದು ಬೆಲ್ಲದ ಊರು, ಹಾಗಾಗಿ ಗಾಣದ ಹೋಲಿಕೆ ಕೊಡುತ್ತೇನೆ. ಗಾಣಕ್ಕೆ ಕಬ್ಬು ಕೊಟ್ಟರೆ ಹಾಲು ಬರುತ್ತದೆ. ಆ ಹಾಲನ್ನು ಗಾಣ ಹುಟ್ಟಿಸಿತೇ? ಇಲ್ಲ, ಅದು ಕಬ್ಬಿನೊಳಗೇ ಇತ್ತು. ಗಾಣ ಹಿಂಡಿತು, ಅಷ್ಟೆ. ಭೂಕಂಪವೂ ಹಾಗೆಯೇ. ಅದು ಹೊಸ ನೀರನ್ನು ಕೊಡುವುದಿಲ್ಲ, ಇದ್ದ ನೀರಿನ ಜಾಗ ಬದಲಿಸುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿ ಉಳಿದರೆ ನನ್ನ ಇವತ್ತಿನ ಭಾಷಣ ಸಾರ್ಥಕ.

ಮರಳಿನ ನೆಲದಲ್ಲಿ ಆಗುವುದು

ಜೋಳದ ಚೀಲ ತುಂಬುವಾಗ ನಾವು ಏನು ಮಾಡುತ್ತೇವೆ? ಚೀಲ ಎತ್ತಿ ಎತ್ತಿ ಕುಕ್ಕುತ್ತೇವೆ. ಕಾಳು ಒತ್ತಾಗಿ ಕೂತು ಮೇಲೆ ಇನ್ನಷ್ಟು ಜಾಗ ಆಗುತ್ತದೆ. ಈಗ ಅದೇ ಚೀಲದಲ್ಲಿ ಕಾಳಿನ ಸಂದುಗಳಲ್ಲೆಲ್ಲ ನೀರು ತುಂಬಿದೆ, ಚೀಲದ ಬಾಯಿ ಬಿಗಿದಿದೆ ಎಂದುಕೊಳ್ಳಿ. ಕಾಳು ಒತ್ತಾಗಿ ಕೂಡ್ರಬೇಕಾದರೆ ನೀರು ಹೊರಗೆ ಹೋಗಲೇಬೇಕು. ದಾರಿ ಇಲ್ಲದಿದ್ದರೆ ನೀರಿನ ಒತ್ತಡ ಏರುತ್ತದೆ, ಎಲ್ಲಿ ಹೊಲಿಗೆ ಸಡಿಲವಿದೆಯೋ ಅಲ್ಲಿಂದ ಚಿಮ್ಮುತ್ತದೆ.

ಮರಳು ನೆಲ ಜೋರಾಗಿ ನಡುಗಿದಾಗ ಆಗುವುದು ಇದೇ. ಲೆಕ್ಕ ಹಾಕಿ ನೋಡೋಣ. 10 ಮೀಟರ್ ಆಳದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ, ನೀರುಂಡ ಮಣ್ಣಿನ ಒಟ್ಟು ಭಾರ ಸುಮಾರು 2 ಕಿಲೋ. ಅಂತರ್ಜಲ ನೆಲದ ಮಟ್ಟದ ತನಕ ಇದ್ದರೆ, ನೀರಿನ ಪಾಲಿಗೆ ಬರುವ ಒತ್ತಡ 1 ಕಿಲೋ. ಉಳಿದ 1 ಕಿಲೋವನ್ನು ಒಂದಕ್ಕೊಂದು ಆತುಕೊಂಡ ಮರಳಿನ ಕಾಳುಗಳು ಹೊರುತ್ತವೆ. ಭೂಮಿ ನಡುಗಿ ಕಾಳುಗಳು ಒಂದನ್ನೊಂದು ಬಿಟ್ಟುಕೊಟ್ಟ ಕ್ಷಣ ಇಡೀ 2 ಕಿಲೋ ಭಾರ ನೀರಿನ ಮೇಲೆ ಬೀಳುತ್ತದೆ. 2 ಕಿಲೋ ಒತ್ತಡ ಎಂದರೆ ನೀರನ್ನು 20 ಮೀಟರ್ ಎತ್ತರಕ್ಕೆ ಏರಿಸಬಲ್ಲ ಬಲ. ನೀರು ಇರುವುದು 10 ಮೀಟರ್ ಆಳದಲ್ಲಿ. ದಾರಿಯಲ್ಲಿ ತಿಕ್ಕಾಟದಿಂದ ಬಹಳಷ್ಟು ಬಲ ಕಳೆದುಹೋಗುತ್ತದೆ. ಹಾಗಿದ್ದರೂ ನೆಲ ಬಿರಿದಲ್ಲೆಲ್ಲ ಕಾರಂಜಿಯಂತೆ ಹೊರಬೀಳುವಷ್ಟು ಉಳಿಯುತ್ತದೆ. ನೀರಿನ ಜೊತೆ ಮರಳೂ ಬಂದು, ಇರುವೆ ಗೂಡಿನ ಸುತ್ತಲಿನ ಮಣ್ಣಿನಂತೆ ಗುಪ್ಪೆ ಬೀಳುತ್ತದೆ. ಗಟ್ಟಿ ಇದ್ದ ನೆಲ ಕೆಲವು ಹೊತ್ತು ಅಂಬಲಿಯ ಹಾಗೆ ಆಗುವುದರಿಂದ ಇದಕ್ಕೆ ‘ದ್ರವೀಕರಣ’ ಎನ್ನುತ್ತಾರೆ.

ನಮ್ಮ ದೇಶದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಕಂಡಿದ್ದು 2001ರ ಜನವರಿ 26ರಂದು, ಗುಜರಾತಿನ ಕಚ್ಛದಲ್ಲಿ. ಬೆಳಿಗ್ಗೆ ಧ್ವಜವಂದನೆಯ ಹೊತ್ತು, 8 ಗಂಟೆ 46 ನಿಮಿಷ. ಹದಿಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದೇ ಹೊತ್ತಿಗೆ ಬರಡು ಬಿದ್ದಿದ್ದ ಕಚ್ಛದ ರಣದಲ್ಲಿ, ಬನ್ನಿ ಹುಲ್ಲುಗಾವಲಿನಲ್ಲಿ ನೆಲ ಬಿರಿದು ನೀರು ಬಂತು. ಒಣಗಿ ಹೋಗಿದ್ದ ಹಳೆಯ ಹಳ್ಳದ ಪಾತ್ರಗಳಲ್ಲಿ ನೀರು ಹೊಳೆಯುವುದು ಉಪಗ್ರಹದ ಚಿತ್ರಗಳಲ್ಲೂ ಕಂಡಿತು. ಇಂಥ ಗುರುತುಗಳು ಹತ್ತು ಸಾವಿರ ಚದರ ಕಿಲೋಮೀಟರಿಗಿಂತ ಹೆಚ್ಚಿನ ಪ್ರದೇಶದಲ್ಲಿ ಸಿಕ್ಕವು. ಕಣ್ಮರೆಯಾಗಿದ್ದ ಸರಸ್ವತಿ ನದಿ ಮರಳಿ ಬಂದಳು ಎಂದು ಜನ ಸಂತೋಷಪಟ್ಟರು. ನೀರಿಲ್ಲದ ನಾಡಿನವರಿಗೆ ಹಾಗೆ ಅನಿಸಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಪರೀಕ್ಷಿಸಿ ನೋಡಿದ ವಿಜ್ಞಾನಿಗಳು ಹೇಳಿದ್ದು, ಅದು ಮೇಲ್ಪದರದ ಮರಳಿನಲ್ಲಿ ಸಿಕ್ಕಿಬಿದ್ದಿದ್ದ ನೀರು ಎಂದು. ಅನೇಕ ಕಡೆ ಅದು ಉಪ್ಪು ನೀರು. ಹಿಂಡಿ ಮುಗಿದ ಮೇಲೆ ನೀರೂ ನಿಂತಿತು. ನದಿ ಹರಿಯಲಿಲ್ಲ.

1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳದಲ್ಲಿ ಆದ ದೊಡ್ಡ ಭೂಕಂಪದಲ್ಲಿ ರೈತರ ಪಾಲಿಗೆ ಇದು ಶಾಪವಾಯಿತು. ಉತ್ತರ ಬಿಹಾರದ ಗದ್ದೆಗಳಲ್ಲಿ ನೆಲ ಬಿರಿದು ನೀರು, ಮರಳು ಉಕ್ಕಿ, ಬೆಳೆಯುವ ಭೂಮಿಯ ಮೇಲೆ ಮರಳು ಹಾಸಿತು. ಕುಡಿಯುವ ಬಾವಿಗಳು ಮರಳು ತುಂಬಿ ಮುಚ್ಚಿಹೋದವು. ಮನೆ ಕಳೆದುಕೊಂಡವರಿಗೆ ಕುಡಿಯುವ ನೀರೂ ಇಲ್ಲದಂತಾಯಿತು. ಆದ್ದರಿಂದ ನೆಲದೊಳಗಿಂದ ನೀರು ಬಂತೆಂದರೆ ಅದು ಯಾವಾಗಲೂ ವರವೇ ಎಂದು ತಿಳಿಯಬಾರದು.

ಗಟ್ಟಿ ಕಲ್ಲಿನ ನೆಲದಲ್ಲಿ ಆಗುವುದು

ನಮ್ಮದು ಕಲ್ಲಿನ ನೆಲ. ಇಲ್ಲಿ ಅಂಬಲಿಯ ಹಾಗೆ ಕದಡಲು ಅಷ್ಟು ಮರಳಿಲ್ಲ. ಇಲ್ಲಿ ಬೇರೆ ಮೂರು ರೀತಿಯಲ್ಲಿ ನೀರು ಏರುತ್ತದೆ ಅಥವಾ ಇಳಿಯುತ್ತದೆ.

ಮೊದಲನೆಯದು ಒತ್ತುವಿಕೆ. ಭೂಕಂಪವೆಂದರೆ ಆಳದಲ್ಲಿ ಕಲ್ಲಿನ ಎರಡು ಹೋಳುಗಳು ತಟ್ಟನೆ ಜಾರುವುದು. ಜಾರಿದಾಗ ಒಂದು ಕಡೆಯ ಕಲ್ಲು ಒತ್ತಿಕೊಳ್ಳುತ್ತದೆ, ಇನ್ನೊಂದು ಕಡೆಯದು ಹಿಗ್ಗುತ್ತದೆ. ಒತ್ತಿಕೊಂಡ ಕಡೆ ಬಿರುಕುಗಳು ಕಿರಿದಾಗಿ ಬಾವಿಯ ನೀರು ಏರುತ್ತದೆ. ಹಿಗ್ಗಿದ ಕಡೆ ಬಿರುಕುಗಳು ಅಗಲವಾಗಿ ನೀರು ಇಳಿಯುತ್ತದೆ. ಒಂದೇ ಕಂಪನಕ್ಕೆ ಒಂದು ಊರಿನ ಬಾವಿ ಏರಿ ಇನ್ನೊಂದು ಊರಿನ ಬಾವಿ ಇಳಿದರೆ ಇಬ್ಬರೂ ಹೇಳುವುದು ಖರೆ ಇರಬಹುದು.

ಇದನ್ನು ಅಳೆದು ನೋಡಿದ ಜಾಗ ನಮಗೆ ಹತ್ತಿರವೇ ಇದೆ. ಅದು ಮಹಾರಾಷ್ಟ್ರದ ಕೊಯ್ನಾ. ನಮ್ಮೂರಿಂದ ನೇರ ಗೆರೆ ಎಳೆದರೆ ಸುಮಾರು 180 ಕಿಲೋಮೀಟರ್. ಬೇಸಿಗೆಯಲ್ಲಿ ಕೃಷ್ಣೆ ಬತ್ತಿದಾಗ ಕೊಯ್ನಾದಿಂದ ನೀರು ಬಿಡಿಸಿರಿ ಎಂದು ನಾವು ಕೇಳುತ್ತೇವಲ್ಲ, ಅದೇ ಕೊಯ್ನಾ. ಅಲ್ಲಿಯ ಕಲ್ಲೂ ಜಮಖಂಡಿಯ ಕರಿಕಲ್ಲಿನ ಬಳಗದ್ದೇ. 1990ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಕೊಯ್ನಾ ಮತ್ತು ವಾರಣಾ ಜಲಾಶಯಗಳ ಸುತ್ತ 21 ಕೊಳವೆ ಬಾವಿ ಕೊರೆಸಿ, ನೀರಿನ ಮಟ್ಟವನ್ನು ಬಿಡದೆ ದಾಖಲಿಸತೊಡಗಿದರು. ಹತ್ತಿರದಲ್ಲಿ ನಾಲ್ಕರ ಮೇಲಿನ ಕಂಪನವಾದಾಗ ಕೆಲವು ಬಾವಿಗಳಲ್ಲಿ ನೀರು ಕೆಲವು ಸೆಂಟಿಮೀಟರ್ ಅಲುಗಿತು. ಒಂದು ಗೇಣಿಗಿಂತ ಕಡಿಮೆ! ಕಲ್ಲಿನ ನೆಲದಲ್ಲಿ ಮಧ್ಯಮ ಕಂಪನಕ್ಕೆ ಆಗುವ ಬದಲಾವಣೆ ಇಷ್ಟು ಸಣ್ಣದು. ಇನ್ನೊಂದು ಸೋಜಿಗ ಕೇಳಿ: ಅಲ್ಲಿಯ ಕೆಲವು ಬಾವಿಗಳಲ್ಲಿ ಸೂರ್ಯ, ಚಂದ್ರರ ಎಳೆತಕ್ಕೆ ಸಮುದ್ರದಂತೆ ದಿನವೂ ನೀರು ತುಸು ಏರಿ ಇಳಿಯುತ್ತದೆ. ಕಲ್ಲು ಅಷ್ಟು ಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತದೆ.

ಎರಡನೆಯದು ದಾರಿ ತೆರೆಯುವುದು. ಕಲ್ಲಿನ ಸಂದುಗಳಲ್ಲಿ ವರ್ಷಾನುಗಟ್ಟಲೆ ರಾಡಿ, ಸುಣ್ಣ ಕಟ್ಟಿಕೊಂಡಿರುತ್ತದೆ. ಕಟ್ಟಿದ ಪೈಪನ್ನು ಬಡಿದರೆ ಕಸ ಬಿಟ್ಟುಕೊಳ್ಳುವಂತೆ, ಕಂಪನ ಈ ಸಂದುಗಳನ್ನು ಬಿಡಿಸುತ್ತದೆ. ಆಗ ಬಾವಿಯ ನೀರು ಕೆಂಪಗೋ ಬೂದಿಯ ಬಣ್ಣಕ್ಕೋ ತಿರುಗುತ್ತದೆ. ಗುಡ್ಡದ ನೀರು ತಗ್ಗಿಗೆ ಬೇಗ ಇಳಿಯುತ್ತದೆ. 1989ರ ಅಕ್ಟೋಬರ್ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಭೂಕಂಪವಾದಾಗ ಸಾಂತಾಕ್ರೂಜ್ ಗುಡ್ಡಗಳ ಹಳ್ಳಗಳಲ್ಲಿ ಮಳೆ ಇಲ್ಲದೆ ನೀರು ಹಲವು ಪಟ್ಟು ಹೆಚ್ಚಿತು. ತಗ್ಗಿನವರು ನೀರು ಬಂತೆಂದು ನೋಡುತ್ತಿದ್ದಾಗ, ಗುಡ್ಡದ ಮೇಲಿನವರ ಬಾವಿಗಳು ಒಣಗಿದ್ದವು. ಒಬ್ಬರ ಹಗೇವಿನ ಜೋಳ ಇನ್ನೊಬ್ಬರ ಅಂಗಳಕ್ಕೆ ಬಂದಂತೆ ಅದು.

ಮೂರನೆಯದು ದೂರದ ಅಲೆ. ದೊಡ್ಡ ಭೂಕಂಪದ ಅಲೆಗಳು ಇಡೀ ಭೂಮಿಯನ್ನು ಸುತ್ತುತ್ತವೆ. ಅವು ಹಾದುಹೋಗುವಾಗ ಕಲ್ಲು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತದೆ, ಬಾವಿಯ ನೀರು ತೂಗುತ್ತದೆ. 1964ರ ಮಾರ್ಚ್‌ನಲ್ಲಿ ಅಲಾಸ್ಕಾ ನಡುಗಿದಾಗ ಸಾವಿರಾರು ಕಿಲೋಮೀಟರ್ ದೂರದ ಸೌತ್ ಡಕೋಟಾದ ಒಂದು ಬಾವಿಯಲ್ಲಿ ನೀರು ಸುಮಾರು 7 ಮೀಟರ್ ಮೇಲೆ ಕೆಳಗೆ ಆಡಿತು. 2004ರ ಡಿಸೆಂಬರ್ 26ರಂದು ಸುನಾಮಿ ತಂದ ಸುಮಾತ್ರಾ ಭೂಕಂಪಕ್ಕೆ ಕೊಯ್ನಾದ ಬಾವಿಗಳೂ ಸ್ಪಂದಿಸಿದ್ದು ದಾಖಲೆಯಾಗಿದೆ. ಮೇಲೆ ನಿಂತ ಮನುಷ್ಯರಿಗೆ ಏನೂ ಗೊತ್ತಾಗಿರಲಿಲ್ಲ, ಬಾವಿಗೆ ಗೊತ್ತಾಗಿತ್ತು.

ನೀರೇ ಭೂಮಿಯನ್ನು ನಡುಗಿಸಿದಾಗ

ಕೊಯ್ನಾದ ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಅಲ್ಲಿ 103 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿ, 1962ರ ಸುಮಾರಿಗೆ ನೀರು ತುಂಬಿಸತೊಡಗಿದ ಮೇಲೆ ಸಣ್ಣ ಸಣ್ಣ ಕಂಪನಗಳು ಶುರುವಾದವು. 1967ರ ಡಿಸೆಂಬರ್ 10ರ ನಸುಕಿನಲ್ಲಿ 6.3 ತೀವ್ರತೆಯ ಭೂಕಂಪವಾಗಿ ಇನ್ನೂರರ ಹತ್ತಿರ ಜನ ಜೀವ ಕಳೆದುಕೊಂಡರು. ಅಣೆಕಟ್ಟೆಯಲ್ಲೂ ಬಿರುಕು ಬಿಟ್ಟಿತು, ಆಮೇಲೆ ಅದನ್ನು ಬಲಪಡಿಸಿದರು. ಜಲಾಶಯದ ನೀರಿನಿಂದ ಪ್ರಚೋದಿತವಾದ ಭೂಕಂಪಗಳಲ್ಲಿ ಜಗತ್ತಿನಲ್ಲೇ ದೊಡ್ಡದೆಂದು ಇದನ್ನು ಉದಾಹರಿಸುತ್ತಾರೆ. ಜಲಾಶಯದ ಭಾರ ಒಂದು ಕಡೆ, ಬಿರುಕಿನಲ್ಲಿ ಆಳಕ್ಕೆ ಇಳಿದ ನೀರಿನ ಒತ್ತಡ ಇನ್ನೊಂದು ಕಡೆ. ಮೊದಲೇ ಬಿಗಿದು ನಿಂತಿದ್ದ ಕಲ್ಲಿನ ಹೋಳುಗಳ ನಡುವೆ ನೀರು ಹೊಕ್ಕು ಹಿಡಿತ ಸಡಿಲಾದರೆ ಅವು ಜಾರುತ್ತವೆ. ನೀರು ಬಲವನ್ನು ಹುಟ್ಟಿಸುವುದಿಲ್ಲ, ಭೂಮಿಯೊಳಗೆ ಕೂಡಿಟ್ಟಿದ್ದ ಬಲಕ್ಕೆ ಬಾಗಿಲು ತೆಗೆಯುತ್ತದೆ. ಇದನ್ನು ತಿಳಿಯಲೆಂದೇ ಕೊಯ್ನಾ ಹತ್ತಿರದ ಗೋಠಣೆಯಲ್ಲಿ 2017ರಲ್ಲಿ 3 ಕಿಲೋಮೀಟರ್ ಆಳದ ರಂಧ್ರವನ್ನೇ ಕೊರೆದು ಮುಗಿಸಿದರು.

ನಮ್ಮ ರಾಜ್ಯದ ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ 2021ರ ಅಕ್ಟೋಬರಿನಲ್ಲಿ ನೆಲದೊಳಗಿಂದ ಸದ್ದು ಬಂದು, ನಾಲ್ಕರಷ್ಟು ತೀವ್ರತೆಯ ಕಂಪನವಾಗಿ, ಜನ ಮನೆ ಬಿಟ್ಟು ಬಯಲಲ್ಲಿ ಮಲಗಿದ್ದು ನಿಮಗೆ ನೆನಪಿರಬೇಕು. ಅದು ಸುಣ್ಣಕಲ್ಲಿನ ಸೀಮೆ. ಜೋರು ಮಳೆಯ ನೀರು ಕಲ್ಲಿನ ಸಂದುಗಳಲ್ಲಿ ಇಳಿದು ಒತ್ತಡ ಬದಲಿಸುವುದೂ ಇಂಥ ಕಂಪನಗಳಿಗೆ ಒಂದು ಕಾರಣವೆಂದು ವಿಜ್ಞಾನಿಗಳು ವಿವರಿಸಿದ್ದಾರೆ. ಹೀಗೆ ಕಂಪನಕ್ಕೂ ನೀರಿಗೂ ಕೊಡು ಕೊಳ್ಳುವ ಸಂಬಂಧ ಇದೆ.

ನಮ್ಮೂರಿನ ಮಟ್ಟಿಗೆ

ಈಗ ನಮ್ಮ ಹೊಲಕ್ಕೆ ಬರೋಣ. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಡುತ್ತದೆ, ಕೈ ಇಳಿಯುವಷ್ಟು ಬಿರುಕು. ಇದು ಭೂಕಂಪದ ಬಿರುಕಲ್ಲ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದರ ಆಳ ಮಣ್ಣಿನಷ್ಟೇ. ಮಳೆ ಚೆನ್ನಾಗಿ ಆದ ವರ್ಷ ಮೋಟರ್ ಹಚ್ಚದೆಯೇ ಬೋರಿನಿಂದ ನೀರು ಹೊರಗೆ ಹರಿಯುವುದುಂಟು. ಅದಕ್ಕೂ ಕಂಪನ ಬೇಕಿಲ್ಲ. ಎತ್ತರದ ಜಾಗದಲ್ಲಿ ಇಂಗಿದ ನೀರು ಮುಚ್ಚಿದ ಪದರಿನಲ್ಲಿ ಒತ್ತಡದಲ್ಲಿರುತ್ತದೆ, ಬೋರು ಅದಕ್ಕೆ ಬಾಯಿ ಕೊಟ್ಟಿರುತ್ತದೆ. ಪೂಜೆ ಮಾಡಿ, ಬೇಡವೆನ್ನುವುದಿಲ್ಲ. ಅದು ಭೂಕಂಪದ ಸೂಚನೆ ಎಂದು ಮಾತ್ರ ಹೆದರಬೇಡಿ. ಬಾವಿಯ ನೀರು ನೋಡಿ ಇಂಥ ದಿನ ಭೂಕಂಪ ಆಗುತ್ತದೆ ಎಂದು ಹೇಳಬಲ್ಲವರು ಇವತ್ತಿಗೂ ಜಗತ್ತಿನಲ್ಲಿ ಯಾರೂ ಇಲ್ಲ. ಹಾಗೆ ಹೇಳುವ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ.

ಒಂದು ವೇಳೆ ನೆಲ ಅದುರಿದರೆ, ಬಾವಿಯ ವಿಷಯದಲ್ಲಿ ಮಾಡಬೇಕಾದದ್ದು ಇಷ್ಟು. ನೀರು ರಾಡಿಯಾಗಿದ್ದರೆ ಅದು ತಿಳಿಯಾಗುವ ತನಕ ಕುಡಿಯಬೇಡಿ. ತಿಳಿಯಾದ ಮೇಲೂ ಪರೀಕ್ಷೆ ಮಾಡಿಸಿ, ಕಾಯಿಸಿ ಆರಿಸಿ ಕುಡಿಯಿರಿ. ಪಾಯಖಾನೆಯ ಗುಂಡಿಯ ನೀರಿಗೂ ಹೊಸ ಬಿರುಕು ದಾರಿಯಾಗಬಹುದು. ಕಲ್ಲು ಕಟ್ಟಿದ ಹಳೆಯ ಬಾವಿಯ ದಂಡೆಗೆ ಹೋಗಬೇಡಿ, ನೀರು ನೋಡಲೆಂದು ಒಳಗಂತೂ ಇಳಿಯಲೇಬೇಡಿ, ಕಟ್ಟಡ ಸಡಿಲಾಗಿರುತ್ತದೆ.

ಕಡೆಯದಾಗಿ, ನನ್ನನ್ನು ಬಹಳ ವರ್ಷಗಳಿಂದ ಕಾಡುವ ಮಾತು. ಕಂಪನದ ಸುದ್ದಿ ಬಂದಾಗಲೆಲ್ಲ ಯಾರಾದರೂ ರೈತರು, “ಭೂಮಿ ನಡುಗಿ ನಮ್ಮ ಬೋರಿನ ನೀರು ಹೋತ್ರಿ” ಎನ್ನುತ್ತಾರೆ. ಹಿಂದಿನ ತಿಂಗಳು ನೀರು ಎಷ್ಟು ಅಡಿಗೆ ಇತ್ತು ಎಂದು ಕೇಳಿದರೆ ಉತ್ತರವಿಲ್ಲ. ಹೋದ ವರ್ಷ? ಅದಕ್ಕೂ ಇಲ್ಲ. ನೀರು ಒಯ್ದದ್ದು ಕಂಪನವೋ, ಹಗಲು ರಾತ್ರಿ ನಡೆಯುವ ಮೋಟರೋ, ಪಕ್ಕದ ಹೊಲದಲ್ಲಿ ಇನ್ನೂ ಆಳಕ್ಕೆ ಇಳಿದ ಬೋರೋ ಎಂದು ಹೇಗೆ ತೀರ್ಮಾನಿಸುವುದು? ಬೆಲ್ಲದ ಪೆಂಟಿಗೆ ಲೆಕ್ಕ ಇಡುತ್ತೇವೆ, ಕಾರಖಾನೆಗೆ ಕಳಿಸಿದ ಕಬ್ಬಿನ ತೂಕಕ್ಕೆ ಚೀಟಿ ಇಡುತ್ತೇವೆ. ಆ ಕಬ್ಬನ್ನು ಬೆಳೆಸಿದ ನೀರಿಗೆ ನಮ್ಮಲ್ಲಿ ಲೆಕ್ಕವೇ ಇಲ್ಲ. ಭೂಕಂಪ ಎಂದೋ ಒಮ್ಮೆ ಬಂದು ನೀರಿನ ಜಾಗ ಬದಲಿಸೀತು. ನಾವು ದಿನವೂ ಹಿಂಡುತ್ತಿದ್ದೇವೆ.

ಅದಕ್ಕೆ ಸುವರ್ಣ ಮಹೋತ್ಸವದ ನೆನಪಿಗೆ ಶಾಲೆ ಒಂದು ಕೆಲಸ ಕೈಗೆತ್ತಿಕೊಳ್ಳಲಿ ಎಂದು ನನ್ನ ವಿನಂತಿ. ಊರಿನ ಸುತ್ತ ಹತ್ತು ಬಾವಿ ಆರಿಸಿರಿ, ದಂಡೆ ಗಟ್ಟಿ ಇದ್ದವನ್ನು. ಒಂಬತ್ತನೆಯ ತರಗತಿಯ ಮಕ್ಕಳು ಶಿಕ್ಷಕರ ಜೊತೆ ತಿಂಗಳಿಗೆ ಎರಡು ಸಲ ಹೋಗಲಿ. ತುದಿಗೆ ಭಾರ ಕಟ್ಟಿದ, ಅಡಿ ಅಡಿಗೆ ಗುರುತು ಮಾಡಿದ ಹಗ್ಗ ಸಾಕು. ಬೆಳಿಗ್ಗೆ ಮೋಟರ್ ಹಚ್ಚುವ ಮೊದಲು, ಪ್ರತಿ ಸಲ ದಂಡೆಯ ಅದೇ ಗುರುತಿನಿಂದ ನೀರಿನ ತನಕ ಅಳೆಯಲಿ. ತಾರೀಖು, ಅಳತೆ, ಮಳೆ ಆಗಿತ್ತೇ, ನೀರು ತಿಳಿಯೇ ರಾಡಿಯೇ, ಇಷ್ಟನ್ನು ಒಂದು ವಹಿಯಲ್ಲಿ ಬರೆಯಲಿ. ಬಾವಿಯ ಒಡೆಯರು ಮಕ್ಕಳನ್ನು ತಡೆಯದೆ ಬಿಟ್ಟುಕೊಂಡರೆ ಅದೇ ದೊಡ್ಡ ಸಹಾಯ. ಒಂಬತ್ತನೆಯವರು ಹತ್ತಕ್ಕೆ ಹೋಗುವಾಗ ವಹಿಯನ್ನು ಮುಂದಿನವರ ಕೈಗೆ ಕೊಡಲಿ.

ಐದು ವರ್ಷ ಹೀಗೆ ನಡೆದರೆ ನಮ್ಮ ನೀರು ಪ್ರತಿ ವರ್ಷ ಎಷ್ಟು ಇಳಿಯುತ್ತಿದೆ, ಮಳೆ ಎಷ್ಟು ತುಂಬಿಕೊಡುತ್ತಿದೆ ಎಂದು ನಮಗೇ ಗೊತ್ತಾಗುತ್ತದೆ. ನಡುವೆ ಎಂದಾದರೂ ನೆಲ ಅದುರಿದರೆ ಆ ವಹಿ ನೋಡಿ, ನೀರು ಏರಿತೋ ಇಳಿಯಿತೋ, ಎಷ್ಟು, ಎಂದು ಧೈರ್ಯವಾಗಿ ಹೇಳಬಹುದು. ಹಗ್ಗ ಮತ್ತು ಮೊದಲ ವರ್ಷದ ವಹಿಯನ್ನು ನಾನು ಇವತ್ತೇ ಮುಖ್ಯಗುರುಗಳಿಗೆ ಒಪ್ಪಿಸುತ್ತಿದ್ದೇನೆ.

ಚೀಟಿ ಬರೆದ ಆ ವಿದ್ಯಾರ್ಥಿಗೆ ನನ್ನ ವಂದನೆ.